ಡಾಕ್ಟರ್ ಶಾಂತಯ್ಯನವರ ಸಿಟ್ಟು

"ನಿಮಗ ಸಿಟ್ಟ ಬರೂದಿಲ್ಲೇನ್ರಿ, ಡಾಕ್ಟರ್ರ?"

ಪಕ್ಕದ ಮನೆಯ ಈರವ್ವ ಬೆಳಿಗ್ಗೆ ಕೇಳಿದ ಈ ಪ್ರಶ್ನೆಯೇ ಎಲ್ಲ ರಾದ್ಧಾಂತಕ್ಕೂ ಮೂಲ.

"ಇಲ್ಲವ್ವಾ. ನಾ ಸಿಟ್ಟನ್ನ ಓದಿದಾಂವ," ಎಂದರು ಡಾಕ್ಟರ್ ಶಾಂತಯ್ಯ ಹಿರೇಮಠ. ವಿಲಾಯತಿಯಲ್ಲಿ ಐದು ವರ್ಷ ಕೋಪ, ಕ್ರೌರ್ಯ, ದುಷ್ಟತನಗಳನ್ನು ಅಭ್ಯಸಿಸಿ, ಅರವತ್ತೆರಡನೆಯ ಇಸವಿಯಲ್ಲಿ ಧಾರವಾಡಕ್ಕೆ ಮರಳಿದ ಮಹಾನುಭಾವರು. ಊರು ಅವರನ್ನು 'ಹುಚ್ಚರ ಡಾಕ್ಟರು' ಎಂದು ಕರೆದು ಸನ್ಮಾನಿಸಿತ್ತು.

ಅಂದು ಕೋರ್ಟಿನಲ್ಲಿ ಅವರ ಸಾಕ್ಷಿಯಿತ್ತು. ಬದುವಿನ ಜಗಳದಲ್ಲಿ ಅಮ್ಮಿನಬಾವಿಯ ಉಡಚಪ್ಪ ನೆರೆಹೊಲದವನ ಕೈ ಮುರಿದಿದ್ದ. ಡಾಕ್ಟರು ಅವನನ್ನು ಎಂಟು ದಿನ ಪರೀಕ್ಷಿಸಿ, 'ಈತ ಹುಟ್ಟಾ ಕೋಪಿಷ್ಠ. ಜನರ ನಡುವೆ ಬಿಡತಕ್ಕವನಲ್ಲ' ಎಂದು ನಲವತ್ತು ಪುಟ ಬರೆದಿದ್ದರು.

ಮನೆಯ ಮುಂದೆ ಕಾಯುತ್ತಿದ್ದ ಟಾಂಗಾದ ಯಾಕೂಬಸಾಬ ಎಲ್ಲ ಕೇಳಿಸಿಕೊಂಡಿದ್ದ. ದಾರಿಯಲ್ಲಿ ಮೂರು ಸಲ ಸುಮ್ಮಸುಮ್ಮನೆ ಟಾಂಗಾ ನಿಲ್ಲಿಸಿ, "ಈಗರೆ ಸಿಟ್ಟ ಬಂತೇನ್ರಿ ಸಾಹೇಬ್ರ?" ಎಂದು ಹಿಂತಿರುಗಿ ನೋಡಿದ. ಕೋರ್ಟಿನ ಅಂಗಳದಲ್ಲಿ ಸುದ್ದಿ ಹಬ್ಬಿಸಿದವನೂ ಅವನೇ. ಗುಮಾಸ್ತನೊಬ್ಬ ಬೇಕೆಂದೇ ಡಾಕ್ಟರ ಕಾಲು ತುಳಿದು ಮುಖ ನೋಡಿದ. ಡಾಕ್ಟರು ನಕ್ಕರು. ಆ ನಗು ಹಳೆಯ ಚಪ್ಪಲಿಯಂತೆ ಅಂಚಿನಲ್ಲಿ ಹೊಲಿಗೆ ಬಿಡುತ್ತಿತ್ತು.

ಕಟಕಟೆಯಲ್ಲಿ ನಿಂತ ಡಾಕ್ಟರಿಗೆ ಉಡಚಪ್ಪನ ವಕೀಲ ಪಂಢರಿನಾಥರಾಯರು ಎದುರಾದರು.

"ನಿಮಗ ಸಿಟ್ಟ ಬರೂದಿಲ್ಲಂತ. ಖರೇ?"

"ಖರೇ."

"ನಿಮ್ಮ ನಲವತ್ತೂ ಪುಟ ಓದಿದೆ. ಭಾಳ ನಕ್ಕೆ. ವಿಲಾಯತಿಗೆ ಹೋಗಿ ಕಲತದ್ದು ಇಷ್ಟನ?"

ಡಾಕ್ಟರ ಕಿವಿ ಕೆಂಡವಾದವು.

"ಇನ್ನೊಮ್ಮೆ ಕೇಳ್ತೇನಿ. ಸಿಟ್ಟು—"

ನಲವತ್ತೂ ಪುಟ ವಕೀಲರ ಮುಖಕ್ಕೆ ಅಪ್ಪಳಿಸಿದವು. ಹಿಂದೆಯೇ ಡಾಕ್ಟರೂ ಹಾರಿ ಅವರ ಕೊರಳಪಟ್ಟಿ ಹಿಡಿದರು. ಪೊಲೀಸರು ಬಾಯಿ ತೆರೆದು ನಿಂತರು. ಆರೋಪಿ ಉಡಚಪ್ಪನೇ ಓಡಿ ಬಂದು ಡಾಕ್ಟರನ್ನು ಹಿಂದಿನಿಂದ ತಬ್ಬಿ ಹಿಡಿದ.

"ಸಾವಕಾಶ್ರೀ ಸಾಹೇಬ್ರ! ಉಸಿರ ಬಿಡ್ರಿ. ನೀರ ಕುಡೀರಿ. ನಾ ಇದ್ದೇನಲ್ಲಾ, ಅಂಜಬ್ಯಾಡ್ರಿ."

ಇಂಥ ಸಂಯಮಿಯನ್ನು ಕೂಡಿಹಾಕಲು ನ್ಯಾಯಾಧೀಶರಿಗೆ ಮನಸ್ಸಾಗಲಿಲ್ಲ. ಎಚ್ಚರಿಕೆ ಕೊಟ್ಟು ಉಡಚಪ್ಪನನ್ನು ಬಿಟ್ಟರು. ಡಾಕ್ಟರನ್ನು ಜನರ ನಡುವೆ ಬಿಡಬಹುದೋ ಬಾರದೋ ಎಂಬುದನ್ನು ಮನೋವಿಜ್ಞಾನಿಯೊಬ್ಬರು ಪರೀಕ್ಷಿಸಿ ಹೇಳಲಿ, ಅಲ್ಲಿಯವರೆಗೆ ಅವರು ಮನೆ ಬಿಟ್ಟು ಕದಲಕೂಡದು ಎಂದು ಆಜ್ಞೆಯಾಯಿತು.

ಸಂಜೆ ಹೆಂಡತಿ ಗೌರಕ್ಕ ಚಹಾ ಕೊಟ್ಟು ದೂರ ಕುಳಿತಳು. 'ಯಾರೋ ಬುದ್ಧಿವಂತ ಬರ್ತಾನ, ನನ್ನ ತಿಳಕೋತಾನ' ಎಂದು ಡಾಕ್ಟರು ಸಮಾಧಾನ ಮಾಡಿಕೊಂಡರು.

ಅಷ್ಟರಲ್ಲಿ ಕೋರ್ಟಿನ ಬೇಲೀಫ ನೀಲಪ್ಪ ಎರಡು ಲಕೋಟೆ ತಂದ.

"ಒಂದು, ಪರೀಕ್ಷಾ ಮಾಡಿಸಿಕೊಳ್ಳಾವರಿಗ್ರಿ. ಇನ್ನೊಂದು, ಪರೀಕ್ಷಾ ಮಾಡಾವರಿಗ್ರಿ."

ಡಾಕ್ಟರು ನೋಡಿದರು. ಎರಡರ ಮೇಲೂ ಅವರದೇ ಹೆಸರು.

"ಜಿಲ್ಲಾದಾಗ ಬ್ಯಾರೆ ಯಾರೂ ಇಲ್ಲಂತ್ರೀ," ಎಂದ ನೀಲಪ್ಪ, ಬಾಗಿಲಾಚೆಯೇ ನಿಂತು. "ಎರಡೂ ಕಡೆ ಸಹಿ ಮಾಡ್ರಿ."