ಎಲೆಯಡಿಕೆ ಮತ್ತು ಹೊಸ ನಕ್ಷತ್ರ

ಎಲೆಯಡಿಕೆ ಹಾಕುವವನು ಕಂಪ್ಯೂಟರ್ ಮುಂದೆ ಕೂರಬಾರದು. ಕೂತರೂ ಬ್ರಹ್ಮಾಂಡದ ಉಸಾಬರಿಗೆ ಹೋಗಬಾರದು. ಹಿಂದೂಪುರದಲ್ಲಿ ಹುಣಿಸೆಹಣ್ಣಿನ ಮಂಡಿ ನಡೆಸಿಕೊಂಡು, ಬಿಡುವಿನಲ್ಲಿ ಬ್ರಹ್ಮಾಂಡವನ್ನೂ ನೋಡಿಕೊಳ್ಳುವ ನಾನು ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

ಈ ಹುಚ್ಚು ಹಿಡಿಸಿದವನು ಕಲ್ಯಾಣದುರ್ಗದ ಗೆಳೆಯ ಮಲ್ಲಣ್ಣ. ಅವನ ಮಾಳಿಗೆಯ ಮೇಲೊಂದು ಟೆಲಿಸ್ಕೋಪ್ ಇದೆ. ಅದರಿಂದ ಗ್ಯಾಲಕ್ಸಿಗಳ ಫೋಟೋ ತೆಗೆದು ನನಗೆ ಕಳಿಸುತ್ತಾನೆ. ಬೆಳಗ್ಗೆ ತಿಂಡಿಯಾದ ಮೇಲೆ, ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ, ನಾನು ಅದನ್ನು ಹಳೆಯ ಆಕಾಶ ಸರ್ವೆಯ ಚಿತ್ರದ ಪಕ್ಕದಲ್ಲಿಟ್ಟು ನೋಡುತ್ತೇನೆ. ಹಳೆಯದರಲ್ಲಿಲ್ಲದ ಚುಕ್ಕೆ ಹೊಸದರಲ್ಲಿ ಕಂಡರೆ ಎಲ್ಲೋ ಒಂದು ನಕ್ಷತ್ರ ಸಿಡಿದಿರಬಹುದು. "ಆಕಾಶಕ್ಕೂ ಸರ್ವೆ ಮಾಡವ್ರಾ? ಹಂಗಾದ್ರೆ ಒತ್ತುವರಿನೂ ಆಗಿರ್ತದೆ ಬಿಡು" ಎನ್ನುತ್ತಾನೆ ಪಕ್ಕದ ಮಂಡಿಯ ನಂಜಪ್ಪ.

ಒಂದು ಬೆಳಗ್ಗೆ ಅಂಥ ಚುಕ್ಕೆ ಕಂಡೇಬಿಟ್ಟಿತು. ಹಳೆಯ ಚಿತ್ರದಲ್ಲಿ ಅದರ ಸುಳಿವೇ ಇಲ್ಲ. ಸಂತೋಷ ತಡೆಯಲಾರದೆ ಕಿಟಕಿಯಿಂದಲೇ ನಂಜಪ್ಪನಿಗೆ ಹೊಸ ನಕ್ಷತ್ರ ಸಿಕ್ಕಿತೆಂದು ತೆಲುಗಿನಲ್ಲಿ "ಕೊತ್ತ ಚುಕ್ಕ ದೊರಿಕಿಂದಿ" ಎಂದು ಕೂಗಿದೆ. ಅವನು ಯಾವ ಬ್ರ್ಯಾಂಡ್ ಎಂದು ಕೇಳಿದ. ತೆಲುಗಿನ ಚುಕ್ಕ ಆಕಾಶದಲ್ಲೂ ಇರುತ್ತದೆ, ಹೆಂಡದ ಸೀಸೆಯಲ್ಲೂ ಇರುತ್ತದೆ.

ಮಲ್ಲಣ್ಣನಿಗೆ ಫೋನ್ ಮಾಡಿ, ಹೊಸ ನಕ್ಷತ್ರಗಳನ್ನು ದಾಖಲಿಸುವ ಜಾಗತಿಕ ಜಾಲತಾಣಕ್ಕೆ ಬೇರೆಯವರು ಕಳಿಸುವ ಮೊದಲೇ ವರದಿ ಕಳಿಸು ಎಂದು ಅವಸರಪಡಿಸಿದೆ. ವರದಿ ಹೋಗುವುದು ಅವನ ಹೆಸರಿನಲ್ಲಿ. ಸುಳ್ಳಾದರೆ ಮುಂದೆ ಅವನ ಮಾತನ್ನು ಯಾರೂ ನಂಬುವುದಿಲ್ಲ.

"ನನ್ ಕಂಪ್ಯೂಟರ್‌ನಾಗೆ ಕಾಣಿಸ್ತಿಲ್ಲ ಕಣಪ್ಪ" ಎಂದ.

"ನಿನ್ ಕನ್ನಡಕ ಬದಲಾಯ್ಸು" ಎಂದೆ.

ಅವನು ಸಿಟ್ಟಾಗಲಿಲ್ಲ. "ಆಯ್ತು, ಆ ಫೋಟೋನ ಒಸಿ ಪಕ್ಕಕ್ಕೆ ಎಳಿ."

ಎಳೆದೆ. ಗ್ಯಾಲಕ್ಸಿ ಸರಿಯಿತು, ಸುತ್ತಲಿನ ನಕ್ಷತ್ರಗಳೂ ಸರಿದವು. ನನ್ನದು ಮಾತ್ರ ಇದ್ದಲ್ಲೇ ಇತ್ತು. ಇಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಧ್ರುವನ ತಮ್ಮನೇ ಇರಬೇಕೆಂದು ನಾನು ಹಿಗ್ಗುತ್ತಿರುವಾಗ, ಕಾಫಿ ತಂದ ನನ್ನ ಹೆಂಡತಿ ಗಿರಿಜೆ ಬಗ್ಗಿ ನೋಡಿದಳು. "ಸುಣ್ಣ ಕಣ್ರೀ. ಎಲೆಗೆ ಹಚ್ಚೋದಲ್ದೆ ಇದಕ್ಕೂ ಹಚ್ಬುಟ್ಟಿದ್ದೀರಲ್ಲ" ಎಂದು ಪರದೆಯನ್ನು ಸೆರಗಿನಿಂದ ಒರೆಸಿಯೇಬಿಟ್ಟಳು. ಫೋನಿನಲ್ಲಿ ಮಲ್ಲಣ್ಣನಿಗೆ ಎಲ್ಲವೂ ಕೇಳಿಸಿತು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಮಾತನ್ನು ಆಕಾಶಕ್ಕೇ ಮಾಡಿ ತೋರಿಸಿದವನು ನಾನೊಬ್ಬನೇ ಇರಬೇಕು. ಆದರೆ ಆ ಪುಣ್ಯಾತ್ಮ ನಮ್ಮ ವೀಕ್ಷಕರ ಗುಂಪಿಗೆ ಬರೆದದ್ದು ಇಷ್ಟೇ: "ಹೊಸದೇನೂ ಇಲ್ಲ. ಹಿಂದೂಪುರದವರು ಸರಿಯಾಗಿ ನೋಡಿದ್ದಾರೆ." ಆ 'ಸರಿಯಾಗಿ'ಯನ್ನು ಓದಿ ನನ್ನ ಕಣ್ಣು ತುಂಬಿತು. ಮಾನ ಕಾಯುವ ಗೆಳೆಯ ಸಿಗುವುದಕ್ಕೂ ಪುಣ್ಯ ಮಾಡಿರಬೇಕು. ತನ್ನ ಹೆಂಡತಿಯೊಬ್ಬಳಿಗೆ ಮಾತ್ರ ಹೇಳಿಬಿಟ್ಟಿದ್ದ. ಕಲ್ಯಾಣದುರ್ಗಕ್ಕೆ ಹೋದಾಗ ಆ ತಾಯಿ ನನ್ನ ಮುಂದಿಟ್ಟ ತಟ್ಟೆಯಲ್ಲಿ ಎಲೆಯಿತ್ತು, ಅಡಿಕೆಯಿತ್ತು, ಸುಣ್ಣವಿರಲಿಲ್ಲ.

ಮೊನ್ನೆ ಇನ್ನೊಂದು ಗ್ಯಾಲಕ್ಸಿಯ ಪಕ್ಕ ಮತ್ತೊಂದು ಚುಕ್ಕೆ ಕಂಡಿತು. ಟವೆಲಿನಿಂದ ಒರೆಸಿದೆ. ಕನ್ನಡಕ ಒರೆಸಿದೆ. ಫೋಟೋ ಎಳೆದೆ, ಗ್ಯಾಲಕ್ಸಿಯ ಜೊತೆಗೇ ಸರಿಯಿತು. ಆದರೂ ನಂಬಿಕೆ ಬರದೆ ಪಂಚೆಯ ತುದಿಯಿಂದ ಇನ್ನೊಮ್ಮೆ ಚೆನ್ನಾಗಿ ತಿಕ್ಕಿ, ಆಮೇಲೆ ಫೋನ್ ಮಾಡಿದೆ.

"ಒರೆಸಿದ್ಯೇನ್ಲಾ?" ಎಂದ ಮಲ್ಲಣ್ಣ. ಒರೆಸಿದೆ ಎಂದೆ. ಅವನೂ ತನ್ನ ಕಂಪ್ಯೂಟರಿನಲ್ಲಿ ಫೋಟೋ ತೆರೆದು ನೋಡಿದ. ಆಮೇಲೆ, "ನನ್ನದ್ರಾಗೂ ಐತೆ ಕಣ್ಲಾ" ಎಂದ.

ವರದಿ ಕಳಿಸಲು ಹೋದರೆ, ಆಗಷ್ಟೇ ಯಾವ ದೇಶದವನೋ ಅದನ್ನೇ ಕಳಿಸಿಬಿಟ್ಟಿದ್ದ. "ಹೋಗ್ಲಿ ಬಿಡು, ಅಷ್ಟು ದೂರದ ಬೆಳಕು ನಮ್ತಾವೂ ಬಂತಲ್ಲ" ಎಂದು ಮಲ್ಲಣ್ಣ ನನ್ನನ್ನೇ ಸಮಾಧಾನ ಮಾಡಿದ. ಬಂದದ್ದೇನೋ ನಿಜ. ಕೋಟಿಗಟ್ಟಲೆ ವರ್ಷ ನಡೆದು ಆ ಬೆಳಕು ಹಿಂದೂಪುರ ಮುಟ್ಟಿದಾಗ, ನಾನು ಅದನ್ನು ಪಂಚೆಯಿಂದ ಒರೆಸುತ್ತಿದ್ದೆ.