ಏನೂ ಆಗದ ಇಲಿಯಲ್ಲಿ ಹಾಡಿದ ನೀಲಿ ಬಣ್ಣಕ್ಕೆ

ಎರಡನೇ ಮಹಡಿಯ ಪ್ರಯೋಗಾಲಯದ ಫ್ರಿಜ್ಜಿನಲ್ಲಿ, ಕಪ್ಪು ಕಾಗದ ಸುತ್ತಿದ ಸೀಸೆಯೊಳಗೆ ವಿರಾಜಮಾನರಾಗಿರುವ ನೀಲಿ ಬಣ್ಣದ ಮಾನ್ಯರೇ,

ತಮ್ಮ ಕೋಣೆಯ ನೆಲವನ್ನು ಹದಿನಾಲ್ಕು ವರ್ಷ ಒರೆಸಿದವಳು ಬಾಗಿ ನಮಸ್ಕರಿಸುತ್ತಿದ್ದೇನೆ. ಬಾಗುವುದು ನನಗೆ ಅಭ್ಯಾಸವೇ.

ಮೂರು ವರ್ಷ ಹೆಣಗಿ ತಮ್ಮನ್ನು ತಯಾರಿಸಿದ, ಸಂಶೋಧನೆ ಮಾಡುವ ಕನ್ನಡಕದ ಹುಡುಗಿಯ ಬಾಯಿಂದ ತಮ್ಮ ಕೀರ್ತಿಯನ್ನು ಕೇಳಿದ್ದೇನೆ. ಮೈಯೊಳಗೆ ಎಲ್ಲಾದರೂ ಊದಿಕೊಂಡರೆ ಅಲ್ಲಿನ ಜೀವಕೋಶಗಳು ಆಮ್ಲಜನಕದಿಂದ ಒಂದು ಖಾರವಾದ ವಸ್ತು ಹುಟ್ಟಿಸುತ್ತವಂತೆ. ಸೂಜಿಯಲ್ಲಿ ಒಳಹೋದ ತಾವು ಅದು ತಗುಲಿದೊಡನೆ ಬಣ್ಣ ಬದಲಿಸಿ, ಲೇಸರ್ ಬೆಳಕನ್ನು ಹೀರಿ, ಬಿಸಿಯಾಗಿ ಸದ್ದು ಮಾಡುತ್ತೀರಂತೆ. ಆ ಸದ್ದು ಕೇಳಿ ಯಂತ್ರ ಚಿತ್ರ ಬರೆಯುತ್ತದಂತೆ. "ಬೆಳಕು ಹಾಯಿಸಿ ಊತದ ಸದ್ದು ಕೇಳೋದು ಅಕ್ಕಾ" ಎಂದಿದ್ದಳು.

ಅಂಥ ತಾವು ಕಳೆದ ವರ್ಷ ಮೊಣಕಾಲು ಊದಿದ ಇಲಿಯಲ್ಲೂ ಹಾಡಿದಿರಿ, ಏನೂ ಆಗದೆ ಓಡಾಡಿಕೊಂಡಿದ್ದ ಇಲಿಯಲ್ಲೂ ಅದೇ ಗಂಟಲಲ್ಲಿ ಹಾಡಿದಿರಿ. "ಮೂರು ವರ್ಷ ಹೊಳೇಲಿ ಹುಣಸೆಹಣ್ಣು ಕಿವುಚಿದ್ಯಲ್ಲಮ್ಮ" ಎಂದರು ಅವಳ ಪ್ರೊಫೆಸರರು. ಹುಡುಗಿ ಸಿಂಕಿನ ಪಕ್ಕ ಕೂತು ಅತ್ತಳು. ಸಿಂಕು ನೋಡಿದಾಗ ನನಗೆ ನೆನಪಾಯಿತು: ತಮ್ಮನ್ನು ಕಲಸುವ ಪುಟ್ಟ ಸೀಸೆಗಳು ಜಿಡ್ಡಾಗಿವೆಯೆಂದು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕಿದವಳು ನಾನೇ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಹೇಳಿಬಿಟ್ಟೆ. ಆ ಖಾರದ ವಸ್ತುವಿನದೂ ಬ್ಲೀಚಿಂಗ್ ನೀರಿನದೂ ಒಂದೇ ಕುಲ, ತಾವು ಸೀಸೆಯಲ್ಲೇ ಬಣ್ಣ ಬದಲಿಸಿಬಿಟ್ಟಿದ್ದಿರಿ ಎಂದು ಹುಡುಗಿ ಜಿಗಿದೆದ್ದು, ಒದ್ದೆ ಕೆನ್ನೆಯಲ್ಲೇ ನನ್ನನ್ನು ತಬ್ಬಿಕೊಂಡಳು. ಪ್ರೊಫೆಸರರು ತಬ್ಬಿಕೊಳ್ಳಲಿಲ್ಲ, ನನ್ನನ್ನು ನೆಲಮಾಳಿಗೆಯ ಉಗ್ರಾಣಕ್ಕೆ ವರ್ಗ ಮಾಡಿಸಿದರು.

ಹೀಗಿದ್ದರೂ ತಮ್ಮನ್ನು ದೂರಲು ನಾಲಿಗೆ ಏಳುತ್ತಿಲ್ಲ ಮಾನ್ಯರೇ. ನಾನು ಒರೆಸಿದ ನೆಲದ ಮೇಲೆ ಕೆಸರುಗಾಲಲ್ಲಿ ನಡೆದವರೆಷ್ಟೋ. ನನ್ನ ಕೆಲಸ ಎಷ್ಟು ಚೊಕ್ಕವೆಂದು ಹದಿನಾಲ್ಕು ವರ್ಷದಲ್ಲಿ ಗುರುತಿಸಿ ಹಾಡಿದವರು ತಾವೊಬ್ಬರೇ. ಆ ಸಲುಗೆಯಿಂದ ಒಂದು ಬಿನ್ನಹ. ನನ್ನ ಎಡ ಮೊಣಕಾಲು ನಾಲ್ಕು ತಿಂಗಳಿಂದ ಊದಿದೆ. "ಎಲ್ಲಿ, ಏನೂ ಕಾಣ್ತಿಲ್ವಲ್ಲ" ಎಂದು ಮೇಲ್ವಿಚಾರಕರು ರಜೆ ಕೊಡುವುದಿಲ್ಲ. ಇಲಿಗೆ ತೋರಿದ ದಯೆಯಲ್ಲಿ ಕಾಲು ಭಾಗವನ್ನು ನನಗೂ ತೋರಿ, ಒಂದೇ ಒಂದು ಬೆಳಿಗ್ಗೆ ಹಾಜರಿ ಪುಸ್ತಕದ ಮುಂದೆ ನನ್ನ ಕಾಲೊಳಗಿಂದ ಗಟ್ಟಿಯಾಗಿ ಹಾಡಬೇಕಾಗಿ ಪ್ರಾರ್ಥನೆ. ಕೇಳಿಸಲು ಯಂತ್ರ ಬೇಕೆಂದು ನೆಪ ಹೇಳಬೇಡಿ. ಮೆಟ್ಟಿಲು ಹತ್ತುವಾಗ ಆ ಕಾಲಿನ ಸದ್ದು ನನಗೆ ಬರಿಗಿವಿಗೇ ಕೇಳುತ್ತದೆ.

ತಮ್ಮ ವಿಶ್ವಾಸಿ,
ಈಗ ಉಗ್ರಾಣ ಗುಡಿಸುವವಳು

ಮರೆತ ಮಾತು: ಹೊಸ ಸೀಸೆಗಳಲ್ಲಿ ತಾವು ಊದಿದ ಇಲಿಯಲ್ಲಿ ಮಾತ್ರ ಹಾಡಿದಿರೆಂದು ತಿಳಿದು ಸಂತೋಷವಾಯಿತು. ಹುಡುಗಿ ಅಚ್ಚಾದ ಪ್ರಬಂಧವನ್ನು ಉಗ್ರಾಣಕ್ಕೇ ತಂದು ಓದಿ ಹೇಳಿದಳು. ಲೇಸರ್ ಕೊಟ್ಟವರಿಗೆ, ಇಲಿ ಸಾಕಿದವರಿಗೆ, ಪ್ರೊಫೆಸರರ ಪತ್ನಿಗೆ ಕೃತಜ್ಞತೆಗಳಿವೆ. ನಡುವೆ "ಬ್ಲೀಚಿಂಗ್ ತಗುಲದ ಸೀಸೆಗಳನ್ನೇ ಬಳಸಲಾಯಿತು" ಎಂದೊಂದು ಸಾಲಿದೆ. ಆ ಸಾಲು ನಾನು.