ಶಿಡ್ಲಘಟ್ಟ ಲೈನಿನ ಆನ್‌ಲೈನ್ ಡಾಕ್ಟರು

ಬಸ್ ಸ್ಟ್ಯಾಂಡಿನ ಏಜೆಂಟ್ ಆವುಲಪ್ಪನ ಕಿವಿಗೆ ‘ಆನ್‌ಲೈನ್’ ಎಂಬ ಮಾತು ಬೀಳದೇ ಹೋಗಿದ್ದರೆ ಸಿದ್ಧಾರ್ಥನ ಆ ಶುಕ್ರವಾರ ತನ್ನ ಪಾಡಿಗೆ ಕಳೆದುಹೋಗುತ್ತಿತ್ತು.

ಎರಡು ಸಾವಿರದ ಎಂಟನೇ ಇಸವಿ. ಆಗ ಚಿಂತಾಮಣಿಯಲ್ಲಿ ಇಂಟರ್‌ನೆಟ್ ಅಂದರೆ ಜಿಯಾವುಲ್ಲಾನ ಸೈಬರ್ ಸೆಂಟರು. ಚಪ್ಪಲಿ ಹೊರಗೆ ಬಿಟ್ಟು, ಪರದೆ ಸರಿಸಿ, ಪ್ಲೈವುಡ್ ಗೂಡಿನೊಳಗೆ ಕೂತು ಒಂದು ಪುಟವನ್ನು ಕರೆದರೆ, ಅದು ಬರುವಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಕಾಯುವುದರಲ್ಲೂ ಒಂದು ಸುಖವಿದ್ದ ಕಾಲ.

ಸಿದ್ಧಾರ್ಥನಿಗೆ ಆ ಗೂಡು ಬಹಳ ಹಿಡಿಸಿತ್ತು. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರೂ ಎದುರಿಗೆ ಮನುಷ್ಯರು ಬಂದು ನಿಂತರೆ ಅವನ ಗಂಟಲು ತಾನೇ ಬೀಗ ಹಾಕಿಕೊಳ್ಳುತ್ತಿತ್ತು. ಶುರು ಮಾಡಿದ ಯಾವ ವಾಕ್ಯವೂ ಊರು ಮುಟ್ಟುತ್ತಿರಲಿಲ್ಲ. ಬೆಂಗಳೂರಿನ ಯಾವುದೋ ಲ್ಯಾಬು ಮುಚ್ಚಿದಾಗ ಅಲ್ಲಿಂದ ಒಂದು ವರ್ಚುವಲ್ ರಿಯಾಲಿಟಿ ಹೆಲ್ಮೆಟ್ ತಂದಿದ್ದ. ಹಲಸಿನಕಾಯಿಯಷ್ಟು ಭಾರ. ಕಣ್ಣು ಮುಚ್ಚುವಂತೆ ಹಾಕಿಕೊಂಡರೆ ಒಳಗೆ ಕಂಪ್ಯೂಟರಿನ ಲೋಕ: ಎತ್ತರದ ಸೇತುವೆ, ಬೊಗಳುವ ನಾಯಿ, ಗಿಜಿಗುಡುವ ಸಂತೆ. ಯಾವುದಕ್ಕೆ ಹೆದರುತ್ತಾರೋ ಅದನ್ನೇ ಮತ್ತೆ ಮತ್ತೆ ತೋರಿಸಿ ಭಯ ಬಿಡಿಸುವ ಚಿಕಿತ್ಸೆ.

ಅಪ್ಪ ವೆಂಕಟರವಣಪ್ಪನವರದು ಟೊಮ್ಯಾಟೊ ಮಂಡಿ. ಮುಂಜಾನೆ ಅವರು ಹರಾಜು ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಹಿಂದೆ ಎಸ್‌ಟಿಡಿ ಬೂತಾಗಿದ್ದ ಕೋಣೆಯನ್ನು ಮಗನಿಗೆ ಬಿಟ್ಟುಕೊಟ್ಟು ಒಂದೇ ಷರತ್ತು ಹಾಕಿದ್ದರು.

“ಮೂರು ತಿಂಗಳು ಟೈಮು ಕಣಪ್ಪ. ಒಬ್ಬನ ಭಯ, ಒಬ್ಬನೇ ಒಬ್ಬನದು ಬಿಡಿಸಿ ತೋರ್ಸು. ಇಲ್ಲಾಂದ್ರೆ ಮಂಡಿಗೆ ಬಂದು ಹರಾಜು ಕೂಗು.”

ನೂರಾರು ಜನರ ನಡುವೆ ಕ್ರೇಟಿನ ಮೇಲೆ ನಿಂತು ಕೂಗುವುದು! ಸಿದ್ಧಾರ್ಥ ಆ ದಿನವೇ ಸೈಬರ್ ಸೆಂಟರಿಗೆ ಓಡಿದ. ಒಬ್ಬರ ಹತ್ತಿರವೂ ಬಾಯಿ ಬಿಡದೆ ರೋಗಿಗಳನ್ನು ಕರೆಯುವ ದಾರಿ ಎಂದರೆ ಆನ್‌ಲೈನ್ ಮಾರ್ಕೆಟಿಂಗ್ ಒಂದೇ ಎಂದು ತೀರ್ಮಾನಿಸಿ ನೋಟ್‌ಬುಕ್ಕಿನಲ್ಲಿ ಯೋಜನೆ ಬರೆದ. ಆರ್ಕುಟ್‌ನಲ್ಲಿ ಒಂದು ಕಮ್ಯುನಿಟಿ, ಗೊತ್ತಿದ್ದವರಿಗೆಲ್ಲ ಈಮೇಲು, ‘ದೃಷ್ಟಿ: ಭಯಕ್ಕೆ ಹೊಸ ಚಿಕಿತ್ಸೆ’ ಎಂಬ ವೆಬ್‌ಸೈಟು. ಸೈಟನ್ನು ಜಿಯಾವುಲ್ಲಾನೇ ಕಟ್ಟಿಕೊಟ್ಟ. ಕೆಳಗೆ ಬಂದುಹೋದವರ ಸಂಖ್ಯೆ ತೋರಿಸುವ ಮೀಟರೂ ಇತ್ತು. ಎರಡು ತಿಂಗಳಲ್ಲಿ ಅದು ಇನ್ನೂರು ದಾಟಿತು. ನೂರ ತೊಂಬತ್ತು ಸಲ ನೋಡಿದವನು ಸಿದ್ಧಾರ್ಥನೇ.

ಗಡುವು ಮುಗಿಯಲು ಐದು ದಿನ ಉಳಿದಿದ್ದಾಗ ಟೀ ಅಂಗಡಿಯಲ್ಲಿ ಆವುಲಪ್ಪ ಸಿಕ್ಕ.

“ಏಮಪ್ಪಾ ಡಾಕ್ಟ್ರೇ, ಪ್ರಚಾರ ಏನು ಮಾಡ್ತಿದೀಯ?”

“ಅದು... ಆನ್‌ಲೈನ್...”

“ಲೈನ್ ಮೇಲೇನಾ? ಮೊದ್ಲೇ ಹೇಳೋದಲ್ವೇನೋ! ಶಿಡ್ಲಘಟ್ಟ ಲೈನು, ಚಿಕ್ಕಬಳ್ಳಾಪುರ ಲೈನು, ಗೌರಿಬಿದನೂರು ಲೈನು, ಮೂರೂ ನನ್ನ ಕೈಯಾಗೈತೆ. ಎಲ್ಲಾ ಬಸ್ನಾಗೂ ಹೇಳಿಸ್ತೀನಿ.”

“ಅಯ್ಯೋ, ಅಂದ್ರೆ... ಅದಲ್ಲ...” ಎನ್ನುವಷ್ಟರಲ್ಲಿ ಆವುಲಪ್ಪ ಹೊರಡುತ್ತಿದ್ದ ಬಸ್ಸಿನ ಹಿಂದೆ ಓಡಿದ್ದ.

ಮರುದಿನ ಜಿಯಾವುಲ್ಲಾ ಬರಿಗಾಲಲ್ಲಿ ಓಡಿಬಂದ. “ಸಿದ್ದು ಭಾಯ್, ಬುಕಿಂಗ್ ಬಂದೈತೆ! ಒಂದು!”

ಫಾರಮ್ಮನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ತುಂಬಿದ್ದರು. ಹೆಸರು: ಬಂದಾಗ ಹೇಳ್ತೀವಿ. ವಯಸ್ಸು: ಇಪ್ಪತ್ತಾರು. ಭಯ: ಜನ. ಎಷ್ಟು ವರ್ಷದಿಂದ: ಹುಟ್ಟಿದಾಗಿನಿಂದ. ಈ ಮುಂಚೆ ಪಡೆದ ಚಿಕಿತ್ಸೆ: ಬೈಗುಳ. ಬರುವ ದಿನ: ಶುಕ್ರವಾರ, ಸಂಜೆ ನಾಲ್ಕು.

ಶುಕ್ರವಾರವೇ ಗಡುವಿನ ಕೊನೆಯ ದಿನ. ಸಿದ್ಧಾರ್ಥ ಆ ಪುಟವನ್ನು ಪ್ರಿಂಟ್ ತೆಗೆಸಿ ಜೇಬಿನಲ್ಲಿಟ್ಟುಕೊಂಡ. ಕಾಣದ ಆ ರೋಗಿಯ ಮೇಲೆ ಅವನಿಗೆ ಒಡಹುಟ್ಟಿದವನ ಮೇಲಿನಂಥ ಅಕ್ಕರೆ ಹುಟ್ಟಿತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಶಿಡ್ಲಘಟ್ಟದ ಬಸ್ಸು ಬಂತು. ಆವುಲಪ್ಪನ ಧ್ವನಿ ಬೀದಿಯ ಆ ತುದಿಯಿಂದಲೇ ಕೇಳಿಸಿತು: “ಬನ್ನಿ, ಬನ್ನಿ! ಕಂಪ್ಯೂಟ್ರಲ್ಲಿ ದೃಷ್ಟಿ ತೆಗೆಯೋ ಡಾಕ್ಟ್ರು, ಅದೇ ಬೂತು!”

ಬಸ್ಸಿನಿಂದ ಬಸ್ಸಿಗೆ ಹೋಗುತ್ತ ‘ಭಯಕ್ಕೆ ಹೊಸ ಚಿಕಿತ್ಸೆ’ ಉದುರಿಹೋಗಿ, ‘ದೃಷ್ಟಿ’ ಒಂದೇ ಉಳಿದಿತ್ತು. ಹಾಲು ಕುಡಿಯದ ಕೂಸುಗಳು, ಅನ್ನ ಸೇರದ ಮೊಮ್ಮಕ್ಕಳು, ಹೊಸ ಸೀರೆ ಉಟ್ಟಾಗಿನಿಂದ ತಲೆನೋವೆನ್ನುವ ಸೊಸೆ, ಎಲ್ಲರೂ ಇಳಿದರು. ಕೊನೆಗೆ ಬಸ್ಸಿನ ಟಾಪಿನಿಂದ ರೇಷ್ಮೆಹುಳು ಗೂಡು ಕಟ್ಟಲು ಬಿಡುವ, ಮಂಚದಷ್ಟಗಲದ ಬಿದಿರಿನ ಚಂದ್ರಂಕಿ ಇಳಿಯಿತು. ಅದರ ತುಂಬ ಹಣ್ಣಾಗಿ ನೂಲು ಬಿಡುವ ಹದಕ್ಕೆ ಬಂದ ಹುಳು. ಹಿಂದೆಯೇ ಅದರ ಯಜಮಾನ ಬಯ್ಯಪ್ಪ.

“ಸಾಮೀ, ಎರಡು ದಿನದಿಂದ ಗೂಡೇ ಕಟ್ತಿಲ್ಲ. ಪಕ್ಕದ ಮನೆಯವ್ನು ಬಂದು ‘ಏನ್ ಹುಳ ಬಯ್ಯಪ್ಪ’ ಅಂದು ಹೋದ, ಅಷ್ಟೇ! ಒಸಿ ಆ ಟೋಪಿ ಹಾಕಿ ದೃಷ್ಟಿ ತೆಗೀರಿ.”

“ಹುಳಕ್ಕೆ... ಹೆಲ್ಮೆಟ್ಟು... ಅಂದ್ರೆ...”

“ಎಲ್ಲಾಕೂ ಬ್ಯಾಡ. ನಾಕಕ್ಕೆ ತೆಗದ್ರೆ ಮಿಕ್ಕಿದ್ದು ನೋಡಿ ಕಲೀತವೆ.”

ಬೂತಿನ ಬಾಗಿಲಲ್ಲಿ ಚಂದ್ರಂಕಿ ಅಡ್ಡ ಸಿಕ್ಕಿಕೊಂಡಿತು. ಒಳಗಿದ್ದವರು ಹೊರಗೆ ಬಾರದಂತೆ, ಹೊರಗಿದ್ದವರು ಒಳಗೆ ಹೋಗದಂತೆ ಆಯಿತು. ಸಿದ್ಧಾರ್ಥ ಗೋಡೆಗೆ ಕ್ಯಾಲೆಂಡರಿನಂತೆ ಅಂಟಿಕೊಂಡ.

ಪಕ್ಕದ ಮನೆಯ ಆದಿಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಂದ್ರಂಕಿಯ ಅಡಿಯಿಂದ ಒಳಗೆ ನುಸುಳಿ ಬಂದಳು. ಉಪ್ಪು ಮೆಣಸಿನಕಾಯಿ ಇಳಿ ತೆಗೆದು ದೃಷ್ಟಿ ಬಿಡಿಸುವುದರಲ್ಲಿ ಆ ಬೀದಿಗೆಲ್ಲ ಅವಳೇ ದೊಡ್ಡವಳು.

“ಏನೋ ಸಿದ್ದಪ್ಪ, ನಿನ್ ತೊಟ್ಲಿಗೇ ದೃಷ್ಟಿ ತೆಗದವಳು ನಾನು. ನನಗೇ ಎದುರಂಗಡಿ ಇಡ್ತೀಯಾ?”

“ಅಜ್ಜೀ, ನಾನು... ಅದು...”

“ನೋಡ್ರೇ, ನಡುಗ್ತಾ ಐತೆ ಮಗು! ಇವನಿಗೇ ಆಗೈತೆ ದೃಷ್ಟಿ!”

ಅವಳು ನುಸುಳಿದ ಸಂದಿಯಿಂದಲೇ ಕಬ್ಬಿಣದ ಬಾಣಲಿಯಲ್ಲಿ ಕೆಂಡ ಬಂತು. ಮೆಣಸಿನಕಾಯಿಯನ್ನು ಸಿದ್ಧಾರ್ಥನ ತಲೆಗೆ ಮೂರು ಸುತ್ತು ಸುತ್ತಿ ಬೆಂಕಿಗೆ ಹಾಕಿದಳು. ಘಾಟಿಗೆ ಬೀದಿಯೇ ಕೆಮ್ಮಿತು. ಹೊಗೆ ತಾಕಿದರೆ ಹುಳು ಸಾಯುತ್ತವೆಂದು ಬಯ್ಯಪ್ಪ ಬಾಗಿಲ ಚೌಕಟ್ಟಿನ ಸಮೇತ ಚಂದ್ರಂಕಿಯನ್ನು ಕಿತ್ತುಕೊಂಡು ಓಡಿದ. ಮಿಕ್ಕವರು ಕಣ್ಣೊರೆಸಿಕೊಳ್ಳುತ್ತ, ಕೆಲಸ ಗೊತ್ತಿರುವವಳು ಇವಳೇ ಎಂದು ಆದಿಲಕ್ಷ್ಮಮ್ಮನ ಜಗಲಿಗೆ ನಡೆದರು.

ನಾಲ್ಕು ಗಂಟೆಗೆ ಬೂತಿನಲ್ಲಿ ಉಳಿದದ್ದು ಮೆಣಸಿನಕಾಯಿಯ ಘಾಟು, ಎರಡು ರೇಷ್ಮೆಹುಳು ಮತ್ತು ಸಿದ್ಧಾರ್ಥ. ಅವನು ಜೇಬಿನ ಕಾಗದವನ್ನು ಮುಟ್ಟಿ ನೋಡಿಕೊಂಡ. ಆಗ ಹೆಜ್ಜೆ ಸದ್ದಾಯಿತು. ಬಾಗಿಲಿಲ್ಲದ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಹಿಂದೆ ನೆಲ ನೋಡುತ್ತ ಜಿಯಾವುಲ್ಲಾ.

“ಅಪ್ಪಾ, ಈಗ ಪೇಶೆಂಟು... ನಾಲ್ಕಕ್ಕೆ...”

“ಬಂದೈತಲ್ಲ. ಕೂತ್ಕೊ.”

“ಯಾರು...”

“ಇಪ್ಪತ್ತಾರು ವರ್ಷ. ಜನ ಕಂಡ್ರೆ ಭಯ. ನಾನು ಹೇಳ್ದೆ, ಈ ಜಿಯಾ ಟೈಪ್ ಮಾಡ್ದ. ಹಾಕ್ಕೊ ಟೋಪಿ.”

ಅಷ್ಟು ದೊಡ್ಡ ಗಂಟಲಿನ ಮನುಷ್ಯ, ರೋಗಿಯ ಸ್ಟೂಲನ್ನು ಪಂಚೆಯ ತುದಿಯಿಂದ ಮೆಲ್ಲಗೆ ಒರೆಸುತ್ತಿದ್ದರು. ಸಿದ್ಧಾರ್ಥ ಹೆಲ್ಮೆಟ್ ಹಾಕಿಕೊಂಡು ಕೂತ.

ಒಳಗೆ ಸಂತೆ ನೆರೆದಿತ್ತು. ಆ ಕಾಲದ ಕಂಪ್ಯೂಟರಿನ ಸಂತೆ: ಯಾರಿಗೂ ಸರಿಯಾದ ಮುಖವಿಲ್ಲ, ಯಾರ ಬಾಯಿಂದಲೂ ಮಾತಿಲ್ಲ. ಜನ ಮೋಡದ ಹಾಗೆ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಹುಟ್ಟಿದಾಗಿನಿಂದ ಇಷ್ಟು ನೆಮ್ಮದಿಯ ಸಂತೆಯಲ್ಲಿ ಅವನು ನಿಂತಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಸಂತೆ ಕತ್ತಲಾಯಿತು. ಆದರೂ ಆ ಮೌನ ಹಾಗೇ ಇತ್ತು.

“ಕರೆಂಟ್ ಹೋಯ್ತು. ತೆಗಿಯಪ್ಪ.”

“ಇನ್ನೊಂದು ಐದು ನಿಮಿಷ ನನ್ನನ್ನ ಇಲ್ಲೇ ಸುಮ್ಮನೆ ಇರೋದಕ್ಕೆ ಬಿಡಿ ಅಪ್ಪ.”

ಮೊದಲು ಬಾಯಿ ಬಿಟ್ಟವನು ಜಿಯಾವುಲ್ಲಾ. “ಯಾ ಅಲ್ಲಾ! ಪೂರಾ ಮಾತಾಡ್ದ! ಎಲ್ಲೂ ನಿಲ್ಲಿಸ್ಲಿಲ್ಲ!”

ವೆಂಕಟರವಣಪ್ಪನವರ ಗಂಟಲು ಬೀದಿಗೆಲ್ಲ ಕೇಳುವಂತೆ ತೆರೆದುಕೊಂಡಿತು. “ಗೆದ್ದೆ ಕಣಪ್ಪ! ಒಬ್ಬನ ಭಯ ಬಿಡಿಸಿಬಿಟ್ಟೆ! ಬೂತು ನಿಂದೇ, ಯಾವನೂ ಕೇಳಂಗಿಲ್ಲ. ಭಯ ಹೋದ ಮೇಲೆ ಇನ್ನೇನು ಅಡ್ಡಿ? ನಾಳೆ ಐದು ಗಂಟೆಗೆ ಮಂಡಿಗೆ ಬಾ, ಮೊದಲನೇ ರಾಶಿ ನೀನೇ ಕೂಗು.”

ಹೆಲ್ಮೆಟ್ಟಿನೊಳಗಿಂದ ಏನೋ ಕೇಳಿಸಿತು. “ಅದು... ಅಂದ್ರೆ...” ಎಂದಂತಿತ್ತು. ಆದರೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಇಬ್ಬರೂ ಸುದ್ದಿ ಹೇಳಲು ಬೀದಿಗಿಳಿದಿದ್ದರು.

ಆ ವೆಬ್‌ಸೈಟು ಆಮೇಲೂ ಎಷ್ಟೋ ವರ್ಷ ಇತ್ತು. ಹರಾಜು ಮುಗಿಸಿ, ಕಟ್ಟಿದ ಗಂಟಲಿಗೆ ಬಿಸಿನೀರು ಕುಡಿಯುತ್ತ ಸಿದ್ಧಾರ್ಥ ಸೈಬರ್ ಸೆಂಟರಿನ ಗೂಡಿನಲ್ಲಿ ಕೂತು ಅದು ತೆರೆದುಕೊಳ್ಳುವುದನ್ನು ಕಾಯುತ್ತಿದ್ದ. ಮೀಟರು ದಿನಕ್ಕೊಂದರಂತೆ ಏರುತ್ತಿತ್ತು. ಅದರ ಕೆಳಗೆ ಜಿಯಾವುಲ್ಲಾ ಅಭಿಮಾನದಿಂದ ಸೇರಿಸಿದ್ದ ಸಾಲು ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ: ‘ಪೂರ್ತಿ ವಾಸಿಯಾದವರು: ೧.’